ಸಂಗಮ್ಮಜ್ಜಿಯ ಬೆಲ್ಲದ ಎಂಜಲು

ಮಣ್ಣೂರಿನ ಸಂಗಮ್ಮಜ್ಜಿಯ ಬಾಯಿ ಖಾಲಿ ಇದ್ದದ್ದನ್ನು ಕಂಡವರಿಲ್ಲ. ಎಲೆ-ಅಡಿಕೆ ಇರಬೇಕು, ಇಲ್ಲವೇ ಬೆಲ್ಲದ ಚೂರು. ಎರಡೂ ಇಲ್ಲದಿದ್ದರೆ ಬೈಗುಳ. ತೊಂಬತ್ತು ದಾಟಿಯೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿ, ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಪಕ್ಕದ ಮನೆಯವಳಾದ ನಾನು ಕಟ್ಟೆಯೇರಿದರೆ ಸಾಕು, "ಬಾ ಬೇ ಬರಿಯಾಕಿ! ಇವತ್ತ ನನ್ನ ಸುದ್ದಿ ಏನ್ ಬರಕೊಂಡಿ?" ಎನ್ನುತ್ತಿದ್ದಳು. ನಾನು ತಾರೀಖು ಹಾಕಿ ದಿನಚರಿ ಬರೆಯುವುದು ಅವಳಿಗೆ ಭಾರಿ ತಮಾಷೆ.

ಕಲಬುರಗಿಯಲ್ಲಿ ಜೀವವಿಜ್ಞಾನ ಓದುತ್ತಿದ್ದಾಗ ನಮ್ಮ ಸರ್ ಅಫಜಲಪುರ, ಆಳಂದ, ಜೇವರ್ಗಿ ಕಡೆಯ ದೀರ್ಘಾಯುಷಿಗಳ ಜೊಲ್ಲಿನ ಮಾದರಿ ಸಂಗ್ರಹಿಸುತ್ತಿದ್ದರು. ಮಣ್ಣೂರಿನಲ್ಲಿ ಅಜ್ಜಿಯದೊಂದೇ ಹೆಸರು. ಸರ್ ಜೊತೆ ಒಂದು ದಿನದ ಮಟ್ಟಿಗೆ ಊರಿಗೆ ಬಂದಿದ್ದೆ; ಸಂಜೆಯೊಳಗೆ ಅವಳು ಮಾದರಿ ಕೊಡದಿದ್ದರೆ ನನಗೆ ಪ್ರಾಜೆಕ್ಟೇ ಇಲ್ಲ.

ಜೊಲ್ಲು ತುಂಬಿಕೊಡಬೇಕಾದ ಕೊಳವೆ ಕಂಡು ಅಜ್ಜಿ ಹೌಹಾರಿದಳು. "ಮನೀಗಿ ಬಂದ ಮಾಸ್ತರಿಗೆ ಎಂಜಲ ಕೊಡ್ತಾರೇನ ಬೇ? ಮಂದಿ ಏನಂದಾರು?"

ಸರ್ ಬಹಳ ಹೇಳಿದ ಮೇಲೆ ಒಪ್ಪಿದಳು. ಒಳಗೆ ಹೋಗಿ ಬಂದು ಕೊಳವೆ ತುಂಬಿಸಿಕೊಟ್ಟಳು. ಸರ್ ಬೆಳಕಿಗೆ ಹಿಡಿದರೆ ಕಂದು ಬಣ್ಣ.

"ಬೆಲ್ಲರೀ," ಎಂದಳು ಅಜ್ಜಿ. "ಬರೇ ಎಂಜಲ ಹ್ಯಾಂಗ್ ಕೊಡ್ಲಿ? ಚೂರು ಸಿಹಿ ಮಾಡೀನಿ."

ಮಾದರಿ ಕೆಟ್ಟಿತು. ಉಳಿದದ್ದು ಒಂದೇ ಕೊಳವೆ. ಬಾಯಿ ತೊಳೆದು ಅರ್ಧ ತಾಸು ಏನೂ ತಿನ್ನದೆ ಕೂರಬೇಕು. ಎಲೆಚೀಲದ ಕಡೆ ಅಜ್ಜಿಯ ಕೈ ಹೋದಾಗಲೆಲ್ಲ ನಾನು ಮಾತಿಗೆಳೆದೆ. ಮೈಯ ಕಣಕಣದಲ್ಲೂ ಡಿಎನ್‌ಎ ಎಂಬ ಎಳೆಯಿದೆ. ಬಿಸಿಲು, ಹೊಗೆ, ಕೊನೆಗೆ ನಮ್ಮ ಉಸಿರಾಟದಿಂದಲೂ ಅದು ದಿನವೂ ಅಲ್ಲಲ್ಲಿ ಕೆಡುತ್ತದೆ. ಅದನ್ನು ದುರಸ್ತಿ ಮಾಡಿಸುವುದೇ ಕೆಲವು ಜೀನ್‌ಗಳ ಕೆಲಸ. ದುರಸ್ತಿ ಹಿಂದೆ ಬಿದ್ದರೆ ಮುಪ್ಪು ಬೇಗ ಬರುತ್ತದೆ. ಬಹಳ ವರ್ಷ ಬಾಳುವವರಲ್ಲಿ ಆ ಜೀನ್‌ಗಳು ಚುರುಕಾಗಿರಬಹುದೇ ಎಂದು ಹುಡುಕುತ್ತಿದ್ದೇವೆ ಎಂದೆ.

"ಅಂದ್ರ ನನ್ನೊಳಗ ಯಾರೋ ಕುಂತು ಕೌದಿ ಹೊಲಿಯಾಕತ್ತಾರ?"

"ಹೌದಜ್ಜಿ."

"ಅವರಿಗಿ ಕೂಲಿ?"

"ನೀ ತಿನ್ನೋ ರೊಟ್ಟೀನ ಕೂಲಿ."

"ಮತ್ತ ಅರ್ಧ ತಾಸಿನಿಂದ ಅವರನ್ನ ಉಪಾಸ ಕೆಡವಿಯಲ್ಲ ಬೇ!"

ಸರ್ ನಗುತ್ತ ಗೋಡೆಗೆ ಒರಗಿದರು. ಕತ್ತಲಾಗುವ ಮೊದಲು ಕೊಳವೆ ತುಂಬಿತು, ತಿಳಿಯಾಗಿ.

ಮುಂದಿನ ಬೇಸಿಗೆಯಲ್ಲಿ ಫಲಿತಾಂಶ ಹೇಳಲು ಹೋದೆ. ದುರಸ್ತಿಯ ಜೀನ್‌ಗಳಲ್ಲಿ ಒಂದೆರಡು ವ್ಯತ್ಯಾಸ ಕಂಡಿವೆ, ಆದರೆ ಒಬ್ಬಳ ಜೊಲ್ಲಿನಿಂದ ಆಯುಷ್ಯದ ಗುಟ್ಟು ತಿಳಿಯದು. ಊಟ, ದುಡಿಮೆ, ಅದೃಷ್ಟಕ್ಕೂ ಪಾಲಿದೆ ಎಂದೆ. ಅಜ್ಜಿ ಸೂಜಿ ನಿಲ್ಲಿಸಲಿಲ್ಲ.

"ಅದಿರ್ಲಿ ಬೇ. ಎರಡನೇದು ಸಪ್ಪಗಿತ್ತು. ಮಾಸ್ತರ ಬ್ಯಾಸರ ಮಾಡ್ಕೊಂಡ್ರೇನು?"

ಅದೇ ಕೊನೆಯ ಭೇಟಿ. ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ನಮ್ಮ ಲ್ಯಾಬಿನ ಫ್ರೀಜರಿನಲ್ಲಿ ಅವಳ ಹೆಸರಿನ ಕೊಳವೆ ಇನ್ನೂ ಇದೆ. ಪಕ್ಕದಲ್ಲೇ ಕಂದು ಬಣ್ಣದ್ದೂ ಇದೆ. ಅದನ್ನು ಎಸೆಯಲು ಸರ್ ಇಂದಿಗೂ ಒಪ್ಪಿಲ್ಲ.