ಚಿಕ್ಕಣ್ಣನ ಅರ್ಧ

ಯಂತ್ರಕ್ಕೂ ಮನಸ್ಸಿರುತ್ತದೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಬೊಮ್ಮಸಂದ್ರದ ನಮ್ಮ ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಕಂಪ್ಯೂಟರಿಗೂ ಕುಂಕುಮ ಹಚ್ಚುತ್ತಿದ್ದರು. ಪ್ರಸಾದದ ಪುರಿ ಮೆಲ್ಲುತ್ತಲೇ, ಇದಕ್ಕೆ ಬೇಕಾದ್ದು ಕರೆಂಟು, ಕುಂಕುಮವಲ್ಲ ಎಂದು ನಾನು ಹಂಗಿಸುತ್ತಿದ್ದೆ. ಈಗ ಹಂಗಿಸುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದರಲ್ಲಿ ನನ್ನ ಮಾನ ಹೋಗುವ ಸಂಗತಿಯೂ ಇದೆ. ಅದನ್ನು ಮುಚ್ಚಿಟ್ಟರೆ ಇದು ಬರೀ ದೆವ್ವದ ಕಥೆಯಾಗುತ್ತದೆ.

ನಾನು, ಚಿಕ್ಕಣ್ಣ ಇಬ್ಬರೂ ಆಗ ಅಲ್ಲಿ ಟ್ರೈನಿಗಳು. ಡಿಪ್ಲೊಮಾ ಮುಗಿದಿತ್ತು, ಕೆಲಸ ಕಾಯಂ ಆಗಿರಲಿಲ್ಲ. ಊರಿನ ಹಳೆಯ ಒಕ್ಕಲು ಪಿಳ್ಳಮ್ಮ ದನದ ಕೊಟ್ಟಿಗೆ ಒಡೆಸಿ ಕಟ್ಟಿಸಿದ್ದ ಶೀಟಿನ ರೂಮುಗಳಲ್ಲಿ ಒಂದು ನಮ್ಮದು. ನನ್ನದು ಬೆಳಗಿನ ಶಿಫ್ಟು, ಅವನದು ಮಧ್ಯಾಹ್ನದ್ದು. ನಾನು ಬರುವಾಗ ಅವನಿಲ್ಲ, ಅವನು ಬರುವಾಗ ನಾನು ನಿದ್ದೆಯಲ್ಲಿ. ಒಂದೇ ರೂಮಿನಲ್ಲಿದ್ದೂ ಸರಿಯಾಗಿ ಮುಖ ನೋಡುತ್ತಿದ್ದದ್ದು ಭಾನುವಾರ ಮಾತ್ರ.

ಇಬ್ಬರೂ ಸೇರಿ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡಿದ್ದೆವು. ಬ್ಯಾಟರಿ ಸತ್ತಿತ್ತು, ವೈರು ಕಿತ್ತರೆ ತಕ್ಷಣ ಆರಿಹೋಗುತ್ತಿತ್ತು. ಡ್ರಾಯಿಂಗ್ ಕಲಿಯಲು ನನಗೆ ವಿಂಡೋಸ್ ಬೇಕಿತ್ತು, ಅವನಿಗೆ ಲಿನಕ್ಸ್ ಎಂಬ ಇನ್ನೊಂದು ಸಿಸ್ಟಂನ ಹುಚ್ಚು. ಅವನೇ ಕೂತು ಅದನ್ನು ಎರಡು ಭಾಗ ಮಾಡಿದ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತಿತ್ತು: ಮೇಲಿನದು ಅವನ ಅರ್ಧ, ಕೆಳಗಿನದು ನನ್ನದು. ಇಬ್ಬರಿಗೂ ಸೇರಿದ ಒಂದು ಜಾಗದಲ್ಲಿ 'ಸುದ್ದಿ' ಎಂಬ ಫೈಲು. ಅದರಲ್ಲೇ ನಮ್ಮ ಮಾತುಕತೆ. ಅನ್ನ ಮಿಕ್ಕಿದೆ, ಸೊಳ್ಳೆಬತ್ತಿ ತಾ, ಇಂಥವೇ. ನಾನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆ, ಅವನು ಹಟ ಹಿಡಿದು ಕನ್ನಡದಲ್ಲೇ ಬರೆಯುತ್ತಿದ್ದ. ಸೋಮಾರಿತನಕ್ಕೆ ನನ್ನ ಅರ್ಧದಲ್ಲಿ ಕನ್ನಡ ಹಾಕಿಕೊಂಡಿರಲಿಲ್ಲ, ಅವನು ಬರೆದದ್ದೆಲ್ಲ ಅಲ್ಲಿ ಬರೀ ಚೌಕಚೌಕ ಡಬ್ಬಿಗಳಾಗಿ ಕಾಣುತ್ತಿತ್ತು. "ಓದ್ಬೇಕು ಅಂದ್ರೆ ನಮ್ಮನೆಗೆ ಬಾ ಮಗಾ," ಎನ್ನುತ್ತಿದ್ದ. ನಾನು ದಿನಾ ಅವನ ಅರ್ಧಕ್ಕೆ ಹೋಗಿ ಓದಿ ಬರುತ್ತಿದ್ದೆ. ನನಗೋಸ್ಕರ ಅವನು ಪಾಸ್‌ವರ್ಡ್ ಕೂಡ ಇಟ್ಟಿರಲಿಲ್ಲ.

ಒಂದು ದಿನ ಆಫೀಸಿನ ಸಾಹೇಬರು ನನ್ನನ್ನು ಕರೆಸಿ ಕೂರಿಸಿ ಟೀ ತರಿಸಿದರು. ಟ್ರೈನಿಗೆ ಟೀ ಏಕೆ ಎಂದು ಅಲ್ಲೇ ತಿಳಿಯಬೇಕಿತ್ತು. ತಿಳಿಯಿತು ಕೂಡ. ನನ್ನ ರೂಮಿನವನು ಯೂನಿಯನ್ ಕಟ್ಟುತ್ತಿದ್ದಾನಂತೆ, ಜೊತೆಗೆ ಯಾರ್ಯಾರಿದ್ದಾರೆ ಎಂದು ಗೊತ್ತಾದರೆ ನನ್ನ ಕಾಯಂ ವಿಷಯ ತಾವೇ ಮೇಲೆ ಮಾತಾಡುತ್ತಾರಂತೆ. ಆ ಮಧ್ಯಾಹ್ನ, ಸುದ್ದಿ ಓದಲು ದಿನಾ ಹೋಗುತ್ತಿದ್ದ ಬಾಗಿಲಲ್ಲೇ ಅವನ ಅರ್ಧಕ್ಕೆ ಹೋಗಿ, ಅಲ್ಲಿದ್ದ ಪಟ್ಟಿಯಿಂದ ಒಂಬತ್ತು ಹೆಸರು ಬರೆದುಕೊಂಡು ಸಾಹೇಬರಿಗೆ ಕೊಟ್ಟೆ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ.

ಹತ್ತು ದಿನದಲ್ಲಿ ಚಿಕ್ಕಣ್ಣನ ಜೊತೆ ಆ ಒಂಬತ್ತೂ ಜನರನ್ನು ಒಂದಲ್ಲ ಒಂದು ನೆಪ ಹೇಳಿ ಮನೆಗೆ ಕಳಿಸಿದರು. ಚಿಕ್ಕಣ್ಣ ಗಂಟುಮೂಟೆ ಕಟ್ಟಿದ. ಲ್ಯಾಪ್‌ಟಾಪನ್ನು ನನ್ನ ಕಡೆಗೇ ಸರಿಸಿ, "ಡ್ರಾಯಿಂಗ್ ಕಲೀತಿದೀಯಲ್ಲ, ನೀನೇ ಇಟ್ಕೋ. ನನ್ನ ಅರ್ಧಾನೂ ಅಂಗೇ ಇರ್ಲಿ, ಯಾವಾಗಾದ್ರೂ ಬತ್ತೀನಿ," ಎಂದ. ಅವನ ಬಸ್ಸು ಹೊರಟ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ಅರ್ಧವನ್ನು ಅಳಿಸಿದ್ದು. ಜಾಗ ಸಾಲುತ್ತಿಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಸುದ್ದಿ ಫೈಲನ್ನು ಖಾಲಿ ಮಾಡಿದೆ. ಎರಡು ಸಾಲಿನ ಕಪ್ಪು ಪರದೆಯೂ ಬರದ ಹಾಗೆ ಮಾಡಿದೆ.

ಒಂದು ತಿಂಗಳಾಗಿರಬೇಕು, ಚಾರ್ಜರಿನ ವೈರು ತುಂಡಾಯಿತು. ಬುಧವಾರ ಸಂಜೆ ರಿಪೇರಿಗೆ ಕೊಟ್ಟು ಗುರುವಾರ ಶಿಫ್ಟು ಮುಗಿಸಿ ಬರುವಾಗ ತಂದೆ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಟ್ರಂಕಿನೊಳಗಿತ್ತು, ಬೀಗದ ಕೈ ನನ್ನ ಜೇಬಿನಲ್ಲಿ. ಹಾಡಹಗಲು ಮೂರು ಗಂಟೆ. ಹೊರಗೆ ಪಿಳ್ಳಮ್ಮ ಯಾರನ್ನೋ ಬಯ್ಯುತ್ತಿದ್ದಳು. ಆನ್ ಮಾಡಿದೆ. ಕಪ್ಪು ಪರದೆ ಬಂತು, ಎರಡು ಸಾಲು. ಮೇಲಿನದು ಚಿಕ್ಕಣ್ಣನದು.

ಗಡಿಬಿಡಿಯಲ್ಲಿ ಕೆಳಗಿನ ಸಾಲು ಒತ್ತಿ ನನ್ನ ಅರ್ಧಕ್ಕೆ ಹೋದೆ. ನೋಡಿದರೆ ಸುದ್ದಿ ಫೈಲಿನ ಮೇಲೆ ಅದೇ ದಿನದ ತಾರೀಖು, ಬೆಳಿಗ್ಗೆ ಎಂಟು ಗಂಟೆ. ಒಳಗೆ ಒಂದೂವರೆ ಸಾಲು ಡಬ್ಬಿಗಳು. ಆರಿಸಿ ಮತ್ತೆ ಹಚ್ಚಿದೆ. ಕಪ್ಪು ಪರದೆ ಬರಲಿಲ್ಲ, ಮುಂದೆ ಎಂದೂ ಬರಲಿಲ್ಲ. ಡಬ್ಬಿಗಳು ಮಾತ್ರ ಹಾಗೇ ಇದ್ದವು.

ಬ್ರೌಸಿಂಗ್ ಸೆಂಟರಿಗೆ ಒಯ್ದರೆ ಓದಬಹುದಿತ್ತು. ಒಯ್ಯಲಿಲ್ಲ. ಏನು ಬರೆದಿದೆ ಎಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಮರುದಿನ ನಸುಕಿನಲ್ಲಿ ಪಿಳ್ಳಮ್ಮನ ಬೋರ್‌ವೆಲ್ ಮೋಟಾರು ಸುಟ್ಟುಹೋಯಿತು. ಡ್ರಮ್ಮಿನಲ್ಲಿ ತೊಟ್ಟು ನೀರಿರಲಿಲ್ಲ. ಮುಖವನ್ನೂ ತೊಳೆಯದೆ ಶಿಫ್ಟಿಗೆ ಹೋದೆ. ಅಂದೇ ಸಾಹೇಬರು ಕಾಯಂ ಪತ್ರ ಕೊಟ್ಟು ಕೈ ಕುಲುಕಿದರು.

ಶನಿವಾರ ಧೈರ್ಯ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ದು ಓದಿದೆ.

"ಮಗಾ, ನಾಳೆ ನೀರು ಬರಲ್ಲ. ನಿಂಗೆ ಬೆಳಗಿನ ಶಿಫ್ಟು. ಡ್ರಮ್ಮು ತುಂಬಿಸಿಟ್ಕೋ."

ಕಾರ್ಖಾನೆಯ ಕಂಪ್ಯೂಟರ್ ವಿಭಾಗದವನನ್ನು ಕೇಳಿದೆ. ಅಳಿಸಿದ್ದು ಪೂರ್ತಿ ಅಳಿಸಿರುವುದಿಲ್ಲ, ಹಳೆಯದು ಒಮ್ಮೊಮ್ಮೆ ಮೇಲೆ ಬರುತ್ತದೆ ಎಂದ. ಎರಡು ಸಿಸ್ಟಂ ಹಾಕಿದ ಯಂತ್ರದಲ್ಲಿ ಗಡಿಯಾರ ಐದೂವರೆ ಗಂಟೆ ತಪ್ಪುತ್ತದೆ ಎಂದೂ ಹೇಳಿದ. ಎಂಟಕ್ಕೆ ಐದೂವರೆ ಕೂಡಿಸಿದೆ, ಕಳೆದೆ. ಹೇಗೆ ಹಾಕಿದರೂ ಆ ಹೊತ್ತಿಗೆ ಚಾರ್ಜರ್ ರಿಪೇರಿಯವನ ಅಂಗಡಿಯಲ್ಲಿತ್ತು. ಮೋಟಾರು ಸುಡುವುದು ಪಿಳ್ಳಮ್ಮನಿಗೇ ಗೊತ್ತಿರಲಿಲ್ಲ.

ನಾಲ್ಕು ವರ್ಷದ ಮೇಲೆ ಜಿಗಣಿಯ ಬಸ್‌ಸ್ಟಾಪಿನಲ್ಲಿ ಚಿಕ್ಕಣ್ಣ ಸಿಕ್ಕ. ಗ್ರಾನೈಟ್ ಪಾಲಿಶ್ ಕೆಲಸಕ್ಕಿದ್ದ, ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಸುತ್ತಿಬಳಸಿ ಕೇಳಿದೆ. ಅಲ್ಲಿಂದ ಬಂದ ಮೇಲೆ ಕಂಪ್ಯೂಟರ್ ಮುಟ್ಟಿಯೇ ಇಲ್ಲ ಎಂದ. ಹೆಸರು ಕೊಟ್ಟದ್ದು ನಾನೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕೇಳಿದ.

"ನನ್ನ ಅರ್ಧ ಇನ್ನೂ ಐತೇನೋ?"

"ಇದೆ," ಎಂದೆ. ಅವನ ಮುಖ ಅರಳಿತು. ಬಸ್ಸು ಬಂತು, ಹತ್ತಿ ಹೋದ.

ಲ್ಯಾಪ್‌ಟಾಪ್ ಈಗ ನನ್ನ ಮನೆಯ ಅಟ್ಟದ ಮೇಲಿದೆ. ಆ ಸಾಲು ನನ್ನನ್ನು ದ್ರೋಹಿ ಎಂದು ಬಯ್ದಿದ್ದರೆ, ನನ್ನ ಪಾಪವೇ ಏನೋ ಕಾಣಿಸಿತು ಎಂದುಕೊಂಡು ಸುಮ್ಮನಾಗುತ್ತಿದ್ದೆ. ನನ್ನಂಥವನು ಮುಖ ತೊಳೆಯದೆ ಕೆಲಸಕ್ಕೆ ಹೋಗಬಾರದು ಎಂದು ಯಾರಿಗೆ ಅನ್ನಿಸಿತೋ, ಅದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.