ಬಳೆ ಬಿಗಿಯಾದ ಭಾನುವಾರ

ಇವತ್ತು ಬೆಳಿಗ್ಗೆ ಪಾತ್ರೆ ತೊಳೆಯುವಾಗ ನೋಡಿಕೊಂಡೆ, ನನ್ನ ಕೈಯ ಗಾಜಿನ ಬಳೆಗಳು ಸದ್ದು ಮಾಡುತ್ತಿಲ್ಲ. ಮಣಿಕಟ್ಟಿಗೆ ಅಂಟಿಕೊಂಡು ಕುಳಿತಿವೆ. ಬಳೆ ಸುಮ್ಮನಾದರೆ ನನಗೆ ಗಿರಿಜಾ ಸಿಸ್ಟರ್ ನೆನಪಾಗುತ್ತಾರೆ. ಅವರ ಕಥೆ ಹೇಳದೆ ನಿಮ್ಮನ್ನು ಬಿಡುವವಳಲ್ಲ ನಾನು.

ಲಗ್ಗೆರೆಯಲ್ಲಿ ನಮ್ಮದು ಹತ್ತು ಮನೆಯ ವಠಾರ, ಒಂದು ಕಾಲದ ರಾಗಿ ಹೊಲ. ಬಾಡಿಗೆಗಿರುವವರೆಲ್ಲ ಉತ್ತರ ಕರ್ನಾಟಕದವರು. ಗಂಡಸರು ಪೀಣ್ಯದ ಫ್ಯಾಕ್ಟರಿಗೆ, ಹೆಂಗಸರು ಗಾರ್ಮೆಂಟ್ಸಿಗೆ. ಬಸುರಿಯರನ್ನು ನೋಡಲು ಇಲ್ಲಿಗೆ ಮೊಟ್ಟಮೊದಲು ಬಂದ ನರ್ಸ್ ಗಿರಿಜಾ. ವಾರವೆಲ್ಲ ಬೀಗ ಹಾಕಿದ ಬಾಗಿಲುಗಳನ್ನೇ ಕಂಡು ಬೇಸತ್ತು, ಭಾನುವಾರ ನೀರು ಬಿಡುವ ಹೊತ್ತಿಗೆ ಸ್ಕೂಟರಿನಲ್ಲಿ ಬಂದು ನಲ್ಲಿಯ ಪಕ್ಕದಲ್ಲೇ ಸ್ಟೂಲು ಹಾಕಿದರು. ಬಿಪಿ ನೋಡಿಸಿಕೊಂಡ ಬಸುರಿಗೆ ಮೊದಲ ಕೊಡ ಎಂದು ಕಾನೂನು ಮಾಡಿಬಿಟ್ಟರು. ನನ್ನ ನಲ್ಲಿ, ಅವರ ಕಾನೂನು! ನನಗೆ ಮೈಯೆಲ್ಲ ಉರಿದಿತ್ತು.

ಅಂಥ ಒಂದು ಭಾನುವಾರ ಸ್ಟೂಲಿನ ಮೇಲೆ ಕುಳಿತವಳು ರೇಣುಕಾ. ಚೊಚ್ಚಲ ಬಸುರಿ, ಎಂಟು ತಿಂಗಳು. ಸಂಜೆಯ ಬಸ್ಸಿಗೆ ಯಾದಗಿರಿಯ ತವರಿಗೆ ಹೊರಟಿದ್ದಳು.

"ಲಗೂನ ನೋಡ್ರಿ ಸಿಸ್ಟರ್, ನಮ್ಮವ್ವ ದಾರಿ ನೋಡಾಕತ್ತಾಳ್ರಿ."

ಸಿಸ್ಟರ್ ಅವಳ ತೋಳಿಗೆ ಎರಡು ಸಲ ಬಿಪಿ ಪಟ್ಟಿ ಸುತ್ತಿ ನೋಡಿದರು. "ಇವತ್ತು ಬಸ್ಸಿಲ್ಲಮ್ಮ. ಆಸ್ಪತ್ರೆ."

ನಾನು ಸುಮ್ಮನಿರಬೇಕಲ್ಲ! "ಏ ಬುಡಿ ಸಿಸ್ಟರ್, ನಮ್ಮನೆ ಮುದ್ದೆ ಉಂಡು ಮೈ ತುಂಬ್ಕೊಂಡವ್ಳೆ, ಅಷ್ಟೇಯ. ಚೊಚ್ಚಲು ತವರಲ್ಲೇ ಆಗ್ಬೇಕು."

ಸಿಸ್ಟರ್ ರೇಣುಕಾಳ ಹಸಿರು ಬಳೆಗಳ ಅಡಿಗೆ ಕಿರುಬೆರಳು ತೂರಿಸಲು ನೋಡಿದರು. ಹೋಗಲಿಲ್ಲ.

"ಇವನ್ನ ತೊಡಿಸಿದ್ದು ನೀವೇ ಅಲ್ವಾ ಅಮ್ಮಾ? ಆಗ ಹೇಗಿತ್ತು?"

ತಿಂಗಳ ಹಿಂದೆ ಅವಳ ಕುಬುಸಕ್ಕೆ, ಅದೇ ನಮ್ಮ ಸೀಮಂತ, ತವರಿನವರು ಬರಲಾಗದೆ ನಾನೇ ಬಳೆ ತೊಡಿಸಿದ್ದೆ. ಮೊಣಕೈವರೆಗೂ ಜಾರುತ್ತಿದ್ದವು. ಅದನ್ನು ಕಣ್ಣಾರೆ ಕಂಡವಳು ನಾನು, ಮುದ್ದೆಯ ಜಂಬದಲ್ಲಿ ಮರೆತವಳೂ ನಾನೇ.

"ಬೋ ಸಡಿಲ ಇತ್ತು," ಎಂದೆ.

"ಊತ ಎಷ್ಟೋ ಜನಕ್ಕೆ ಬರುತ್ತೆ. ಕೈನೂ ಹೀಗೆ ಊದಿ, ಬಿಪಿನೂ ಇಷ್ಟು ಏರಿದ್ರೆ ತಾಯಿ ಮಗು ಇಬ್ಬರಿಗೂ ಅಪಾಯ. ರಾತ್ರಿಯೆಲ್ಲಾ ಬಸ್ಸಲ್ಲಿ ಕೂತು ಹೋಗೋ ಹಾಗಿಲ್ಲ."

ಆಟೋ ಕರೆದವಳು ನಾನೇ, ಪಕ್ಕದಲ್ಲಿ ಕುಳಿತವಳೂ ನಾನೇ. ಆಸ್ಪತ್ರೆಯಲ್ಲಿ ಬಳೆ ತೆಗೆಯಬೇಕೆಂದಾಗ ಎಲ್ಲಿ ಒಡೆಯುತ್ತಾರೋ ಎಂದು ರೇಣುಕಾ ಅತ್ತಳು. ಸ್ಕೂಟರಿನಲ್ಲಿ ಹಿಂದೆಯೇ ಬಂದಿದ್ದ ಸಿಸ್ಟರ್ ಸೋಪು ಹಚ್ಚಿ ಒಂದೊಂದಾಗಿ ಜಾರಿಸಿದರು, ಒಂದೂ ಒಡೆಯಲಿಲ್ಲ. ಎರಡನೇ ದಿನ ಹೆಣ್ಣುಮಗು! ಅಂಗೈಯಗಲದ ಕೂಸು, ಆದರೆ ಏನು ಗಂಟಲು ಅಂತೀರಿ! ಕುಣಿಯುವುದೊಂದು ಬಾಕಿ ನನಗೆ. ವಾರ್ಡಿಗೆಲ್ಲ ಸಕ್ಕರೆ ಹಂಚಿದೆ. ಮಗಳು ತವರಿಗೆ ಹೋಗಲಿಲ್ಲ, ತವರೇ ರೊಟ್ಟಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಬಂತು.

ಇವತ್ತೂ ಭಾನುವಾರ. ಈಗಷ್ಟೇ ನಲ್ಲಿಯ ಹತ್ತಿರ ರೇಣುಕಾ ನನ್ನ ಕೈ ಹಿಡಿದು ಬಳೆಯಡಿ ಬೆರಳು ತೂರಿಸಲು ನೋಡಿದಳು.

"ಯಾಕ್ರಿ ಅಮ್ಮಾರ, ಬಿಗಿ ಆಗ್ಯಾವಲ್ರಿ?"

"ಏ, ಮುದ್ದೆ ಕಣೇ..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತಿರುವಿನಲ್ಲಿ ಸ್ಕೂಟರಿನ ಸದ್ದಾಯಿತು. ಬಸುರಿಯರ ಆ ಸ್ಟೂಲಿನ ಮೇಲೆ, ಅರವತ್ತಕ್ಕೆ ಹತ್ತಿರವಾದ ನಾನು, ಎಲ್ಲರಿಗಿಂತ ಮೊದಲು ಹೋಗಿ ಕುಳಿತು ತೋಳು ಚಾಚಿದೆ.