ಪರದೆಯ ಪಕ್ಕ ನಿಂತು ಹೇಳಿದ ಮಾತು

ದುರ್ಗದ ಡೇರೆಯಲ್ಲಿ ಮೂಕಿ ಚಿತ್ರ ತೋರಿಸುವಾಗ ಪರದೆಯ ಪಕ್ಕ ನಿಂತು ಕಥೆ ಹೇಳುವುದು ನನ್ನ ಕೆಲಸವಾಗಿತ್ತು. ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ನಾನು ಓದಿ ಹೇಳುತ್ತೇನೆಂದು ಎಲ್ಲರೂ ನಂಬಿದ್ದರು. ನಾನು ಕಲಿತದ್ದು ಕನ್ನಡದ ಮೂರನೆಯ ಪುಸ್ತಕದವರೆಗೆ ಮಾತ್ರ.

ಒಮ್ಮೆ ಯಾವುದೋ ಹಳೆಯ ಇಂಗ್ಲಿಷ್ ಕಾದಂಬರಿಯಿಂದ ಮಾಡಿದ ದೆವ್ವದ ಚಿತ್ರ ಬಂತು. ಕಡಿಮೆ ಖರ್ಚಿನದು. ಅದರ ಕೋಟೆಯ ಗೋಡೆ ಬಟ್ಟೆಯದು, ಗಾಳಿಗೆ ಅಲುಗುತ್ತಿತ್ತು. ಕಲ್ಲಿನ ಕೋಟೆ ನೋಡಿ ಬೆಳೆದ ನಮ್ಮ ಜನ ನಕ್ಕರು. ಆಮೇಲೆ ಗೋರಿಯಿಂದ ಒಬ್ಬ ಹೆಂಗಸು ಎದ್ದು ಬಂದಳು, ಪರದೆಯ ಮೇಲೆ ಅಕ್ಷರ ಮೂಡಿದವು.

"ಏನಪ್ಪ, ಹೆಣ ಏನಂತೈತೆ? ನಿನ್ ಬಾಯೂ ಬಿದ್ದೋತಾ?" ಎಂದು ಯಾರೋ ಕೂಗಿದರು.

"ನಾನು ಸತ್ತಿರಲಿಲ್ಲ, ಉಸಿರಿತ್ತು, ನೋಡದೆ ಹೂತುಬಿಟ್ರಿ ಅಂತೈತೆ," ಎಂದುಬಿಟ್ಟೆ. ನಗು ನಿಂತಿತು.

ಹೆಂಗಸರ ಕಡೆ ನನ್ನ ತಂಗಿ ಕುಳಿತಿದ್ದಳು. ಹಿಂದಿನ ತಿಂಗಳು ಜ್ವರದಲ್ಲಿ ಹೋದ ಅವಳ ಕೂಸನ್ನು ಹೊತ್ತೊಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದವನು ನಾನೇ.

ಮನೆಗೆ ಬರುವಾಗ ಅವಳು ಕೇಳಿದಳು: "ಅಣ್ಣ, ಆ ಬರಹದಾಗೆ ನಿಜವಾಗ್ಲೂ ಹಂಗೇ ಐತಾ?"

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಚಿಕೆಯಾಯಿತು. "ಹೂಂ, ಹಂಗೇ ಐತೆ," ಎಂದೆ.

ಮರುದಿನದಿಂದ ಅವಳು ಹೊಲಕ್ಕೆ ಹೋಗಿ ಆ ಮಣ್ಣಿಗೆ ಕಿವಿಯಿಟ್ಟು ಮಲಗತೊಡಗಿದಳು. ಎಷ್ಟೋ ಸಲ ಪಕ್ಕದಲ್ಲೇ ಕೂತೆ, ನಿಜ ಹೇಳಲಿಲ್ಲ.

ವರ್ಷಗಳ ಮೇಲೆ ಅವಳೂ ತೀರಿಕೊಂಡಳು. ಗುಂಡಿ ತೋಡಿದವರು ಕಾಯುತ್ತಿದ್ದರು. ಅವಳ ಮೂಗಿನ ಬಳಿ ಬೆರಳು ಹಿಡಿದು ನಾನು ಬಹಳ ಹೊತ್ತು ಕುಳಿತಿದ್ದೆ.